ನಾಲ್ಕು ಆಹ್ವಾನ, ಒಬ್ಬನೇ ಮಾವ

ಬೇತಾಳ ಕಥೆಗಳ ಕೊನೆಗೆ ರಾಜ ಮೌನವಾಗುತ್ತಾನೆ. ಅಲ್ಲಿಯವರೆಗೆ ಹೆಣವನ್ನು ಹೆಗಲ ಮೇಲೆ ಹೊತ್ತು, ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟು, ಉತ್ತರ ಕೊಟ್ಟ ತಪ್ಪಿಗೇ ಪ್ರತಿ ಸಲವೂ ಮರದ ಬುಡಕ್ಕೆ ಮರಳಿದವನು ಅವನು. ಒಂದು ಪ್ರಶ್ನೆಗೆ ಮಾತ್ರ ಬಾಯಿ ತೆರೆಯಲಿಲ್ಲ. ಅದು ಧರ್ಮದ ಪ್ರಶ್ನೆಯಾಗಿರಲಿಲ್ಲ, ನ್ಯಾಯದ್ದೂ ಆಗಿರಲಿಲ್ಲ. ಯಾರು ಯಾರಿಗೆ ಏನಾಗಬೇಕು ಎಂಬ ನೆಂಟಸ್ತಿಕೆಯ ಪ್ರಶ್ನೆ.

ಕಾಶ್ಮೀರದ ಸೋಮದೇವ 11ನೆಯ ಶತಮಾನದಲ್ಲಿ ಬರೆದ ಕಥಾಸರಿತ್ಸಾಗರದಲ್ಲಿ ಈ ಕಥೆ ಬರುತ್ತದೆ. ರಾಜ್ಯ ಕಳೆದುಕೊಂಡ ರಾಣಿಯೊಬ್ಬಳು ಮಗಳೊಂದಿಗೆ ಕಾಡು ಸೇರಿದ್ದಾಳೆ. ಅದೇ ಕಾಡಿಗೆ ಬಂದ ತಂದೆ ಮಗ ಇಬ್ಬರು ನೆಲದ ಮೇಲೆ ಎರಡು ಜೊತೆ ಹೆಜ್ಜೆಗುರುತು ನೋಡಿ ಮಾತಾಡಿಕೊಳ್ಳುತ್ತಾರೆ: ದೊಡ್ಡ ಪಾದದವಳು ತಂದೆಗೆ, ಚಿಕ್ಕ ಪಾದದವಳು ಮಗನಿಗೆ. ಹತ್ತಿರ ಹೋಗಿ ನೋಡಿದರೆ ಚಿಕ್ಕ ಪಾದ ರಾಣಿಯದು, ದೊಡ್ಡ ಪಾದ ರಾಜಕುಮಾರಿಯದು. ಆಡಿದ ಮಾತಿಗೆ ತಪ್ಪುವಂತಿಲ್ಲ. ತಂದೆ ರಾಜಕುಮಾರಿಯನ್ನು, ಮಗ ರಾಣಿಯನ್ನು ಮದುವೆಯಾದರು. ಎರಡೂ ಜೋಡಿಗೆ ಮಕ್ಕಳಾದವು. ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಹೊಳೆಯಲಿಲ್ಲ. ಮೌನವಾಗಿ ನಡೆದ. ಆ ಮೌನದಿಂದಲೇ ಬೇತಾಳ ಅವನಿಗೆ ಒಲಿಯಿತು.

ಇದಕ್ಕಿಂತ ಸುಮಾರು ಇನ್ನೂರು ವರ್ಷ ಮೊದಲೇ ಯುರೋಪಿನಲ್ಲೂ ಇದೇ ಒಗಟು ಲ್ಯಾಟಿನ್‌ನಲ್ಲಿ ಓಡಾಡುತ್ತಿತ್ತು. ಹುಡುಗರ ಬುದ್ಧಿ ಚುರುಕುಗೊಳಿಸಲೆಂದು ಮಾಡಿದ ಲೆಕ್ಕಗಳ ಸಂಗ್ರಹವೊಂದಿದೆ. ಷಾರ್ಲಮೇನ್ ಚಕ್ರವರ್ತಿಯ ಆಸ್ಥಾನದಲ್ಲಿದ್ದ ವಿದ್ವಾಂಸ, ಯಾರ್ಕ್ ಊರಿನ ಆಲ್ಕುಯಿನ್, ಅದನ್ನು ಕೂಡಿಸಿದನೆಂದು ಹೇಳುತ್ತಾರೆ. ಆಲ್ಕುಯಿನ್ ತೀರಿಕೊಂಡದ್ದು 804ರಲ್ಲಿ. ಅದರಲ್ಲೂ ಒಬ್ಬ ತಂದೆ, ಒಬ್ಬ ಮಗ, ಒಬ್ಬಳು ವಿಧವೆ, ಅವಳ ಮಗಳು. ಅಲ್ಲೂ ಮಗನಿಗೆ ವಿಧವೆ, ತಂದೆಗೆ ಅವಳ ಮಗಳು. ಕೇಳುವುದೂ ಅದೇ ಪ್ರಶ್ನೆ.

ಇಂದು ಬ್ಯಾಂಕ್ ಪರೀಕ್ಷೆಗೆ ಓದುವ ಯಾರಾದರೂ ಇದನ್ನು ಅರ್ಧ ನಿಮಿಷದಲ್ಲಿ ಬಿಡಿಸುತ್ತಾರೆ. ತಂದೆ ಮತ್ತು ರಾಜಕುಮಾರಿಯ ಮಗ ರಾಮ, ಮಗ ಮತ್ತು ರಾಣಿಯ ಮಗ ಭೀಮ ಎಂದಿಟ್ಟುಕೊಳ್ಳಿ. ರಾಮನೂ ಭೀಮನ ಅಪ್ಪನೂ ಒಬ್ಬನೇ ತಂದೆಯ ಮಕ್ಕಳು. ಹಾಗಾಗಿ ರಾಮ ಭೀಮನಿಗೆ ಚಿಕ್ಕಪ್ಪ. ಭೀಮನೂ ರಾಮನ ಅಮ್ಮನೂ ಒಬ್ಬಳೇ ತಾಯಿಯ ಮಕ್ಕಳು. ಹಾಗಾಗಿ ಭೀಮ ರಾಮನಿಗೆ ಸೋದರಮಾವ. ಕನ್ನಡದಲ್ಲಿ ಇದಕ್ಕೆ ಎರಡು ಪದ ಬೇಕು, ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ. ಇಂಗ್ಲಿಷಿನಲ್ಲಿ ಒಂದೇ ಸಾಕು: ಇಬ್ಬರೂ ಒಬ್ಬರಿಗೊಬ್ಬರು ಅಂಕಲ್. ರಾಜನನ್ನು ಕಟ್ಟಿಹಾಕಿದ ಪ್ರಶ್ನೆಗೆ ಇಂಗ್ಲಿಷ್ ಒಂದೇ ಪದದಲ್ಲಿ ಉತ್ತರ ಹೇಳಿಬಿಡುತ್ತದೆ.

ಇದನ್ನು ನೋಡಿ ಇಂಗ್ಲಿಷ್ ಹೆಚ್ಚು ತರ್ಕಬದ್ಧ ಎಂದುಕೊಳ್ಳುವ ಮೊದಲು ಇನ್ನೊಂದು ಒಗಟು ನೋಡಬೇಕು.

ಗವರ್ನರ್ ಕೊಟ್ಟ ಊಟ

ಆಲಿಸಳ ಕಥೆ ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದವನು. 1880ರಿಂದ ಒಂದು ಮಾಸಪತ್ರಿಕೆಯಲ್ಲಿ ಲೆಕ್ಕಗಳನ್ನು ಕಥೆಯೊಳಗೆ ಬಚ್ಚಿಟ್ಟು ಬರೆದ. ಓದುಗರು ಉತ್ತರ ಕಳಿಸುತ್ತಿದ್ದರು, ಅವನು ಅವುಗಳಿಗೆ ಅಂಕ ಕೊಟ್ಟು ಟೀಕೆ ಬರೆಯುತ್ತಿದ್ದ. 1885ರಲ್ಲಿ ಅವೆಲ್ಲ 'ಎ ಟ್ಯಾಂಗಲ್ಡ್ ಟೇಲ್' ಎಂಬ ಪುಸ್ತಕವಾದವು. ಅದರ ಎರಡನೆಯ ಗಂಟಿನಲ್ಲಿ ಒಬ್ಬ ಗವರ್ನರ್ ತೀರಾ ಚಿಕ್ಕದೊಂದು ಔತಣ ಕೊಡಲು ಹೊರಡುತ್ತಾನೆ. ಕರೆಯುವುದು ತಂದೆಯ ಭಾವಮೈದನನ್ನು, ಒಡಹುಟ್ಟಿದವನಿಗೆ ಹೆಣ್ಣು ಕೊಟ್ಟವನನ್ನು, ತನಗೆ ಹೆಣ್ಣು ಕೊಟ್ಟವನ ಒಡಹುಟ್ಟಿದವನನ್ನು, ತನ್ನ ಭಾವಮೈದನ ತಂದೆಯನ್ನು. ಹಾಗಾದರೆ ಕನಿಷ್ಠ ಎಷ್ಟು ಎಲೆ ಹಾಕಬೇಕು?

ಉತ್ತರ: ಒಂದು. ನಾಲ್ಕೂ ಆಹ್ವಾನ ಹೋಗುವುದು ಒಬ್ಬನಿಗೇ. ಇದನ್ನು ತೋರಿಸಲು ಕ್ಯಾರಲ್ ಒಂದು ವಂಶವೃಕ್ಷವನ್ನೇ ಬರೆಯಬೇಕಾಯಿತು. ಅದರಲ್ಲಿ ಗಂಡಸರಿಗೆ ದೊಡ್ಡ ಅಕ್ಷರ, ಹೆಂಗಸರಿಗೆ ಚಿಕ್ಕ ಅಕ್ಷರ.

ಕನ್ನಡದ ಓದುಗರಿಗೆ ಆ ಚಿತ್ರ ಬೇಡ. ಗವರ್ನರನ ತಾಯಿಗೆ ಇಬ್ಬರು ತಮ್ಮಂದಿರಿದ್ದಾರೆ ಎನ್ನಿ. ದೊಡ್ಡ ತಮ್ಮನೇ ನಮ್ಮ ಅತಿಥಿ. ಅವನ ಮಗಳನ್ನು ಗವರ್ನರನ ಅಣ್ಣನಿಗೆ ಕೊಟ್ಟಿದೆ. ಗವರ್ನರನ ತಂಗಿಯನ್ನು ಅವನ ಮಗನಿಗೆ ತಂದುಕೊಂಡಿದೆ. ಚಿಕ್ಕ ತಮ್ಮನ ಮಗಳು ಗವರ್ನರನ ಹೆಂಡತಿ. ಅಲ್ಲಿಗೆ ಅತಿಥಿ ತಂದೆಗೆ ಭಾವಮೈದ, ಅಣ್ಣನಿಗೆ ಹೆಣ್ಣು ಕೊಟ್ಟವನು, ಗವರ್ನರನಿಗೆ ಹೆಣ್ಣು ಕೊಟ್ಟವನ ಅಣ್ಣ, ಭಾವಮೈದನ ಅಪ್ಪ, ಎಲ್ಲವೂ ಆದ. ಇಂಗ್ಲೆಂಡಿನ ಓದುಗರಿಗೆ ಇದು ಪೆನ್ಸಿಲ್ ಕಚ್ಚಿ ಕೂರಬೇಕಾದ ಗೋಜಲು. ಮಂಡ್ಯದಲ್ಲೋ ಮಧುರೈಯಲ್ಲೋ ಇದು ಅಕ್ಕತಮ್ಮಂದಿರು ಹೆಣ್ಣು ಕೊಟ್ಟು ತಂದುಕೊಂಡಿರುವ ಒಂದು ಮಾಮೂಲಿ ಮನೆ. ಅತಿಥಿ ಗವರ್ನರನಿಗೆ ಏನಾಗಬೇಕು ಎಂದು ಅಲ್ಲಿ ಮಗುವನ್ನು ಕೇಳಿದರೂ ಹೇಳುತ್ತದೆ: ಮಾವ.

ಆ ನಾಲ್ಕು ಸ್ಥಾನಗಳಲ್ಲಿ ನಾಲ್ಕು ಬೇರೆ ಬೇರೆ ಗಂಡಸರೇ ಇದ್ದರೂ ಕನ್ನಡಿಗ ಗವರ್ನರ್ ನಾಲ್ವರನ್ನೂ ಮಾವ ಎಂದೇ ಕರೆದಾನು. ಕ್ಯಾರಲ್ ಕಷ್ಟಪಟ್ಟು ಒಂದೇ ಬಿಂದುವಿಗೆ ತಂದ ನಾಲ್ಕು ಗೆರೆಗಳು ನಮ್ಮ ಭಾಷೆಯಲ್ಲಿ ಮೊದಲೇ ಒಂದು ಪದದಲ್ಲಿ ಕೂಡಿಕೊಂಡಿವೆ. ಬೇತಾಳನ ಪ್ರಶ್ನೆ ಇಂಗ್ಲಿಷಿಗೆ ಸುಲಭ, ಗವರ್ನರನ ಪ್ರಶ್ನೆ ಕನ್ನಡಕ್ಕೆ ಸುಲಭ. ಒಗಟು ಎಷ್ಟು ಕಠಿಣ ಎಂಬುದು ಒಗಟಿನಲ್ಲಷ್ಟೇ ಇಲ್ಲ. ಅದನ್ನು ಕೇಳುವ ಭಾಷೆಯಲ್ಲೂ ಇದೆ.

ಗೆರೆಗಳು ಬಂದ ದಾರಿ

ವಂಶದ ಚಿತ್ರಕ್ಕೆ ಬಹಳ ಹಳೆಯ ಚರಿತ್ರೆಯಿದೆ. ರೋಮಿನ ದೊಡ್ಡ ಮನೆಗಳ ಹಜಾರದಲ್ಲಿ ಪೂರ್ವಜರ ಚಿತ್ರಗಳನ್ನು ಗೆರೆಗಳಿಂದ ಜೋಡಿಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಮಧ್ಯಯುಗದ ಚರ್ಚಿಗೆ ಈ ಚಿತ್ರ ಅಂತಸ್ತಿಗಲ್ಲ, ಕಾನೂನಿಗೆ ಬೇಕಾಯಿತು. ಏಳು ಮೆಟ್ಟಿಲಿನವರೆಗಿನ ರಕ್ತಸಂಬಂಧಿಗಳು ಮದುವೆಯಾಗಬಾರದು ಎಂಬ ನಿಯಮವಿತ್ತು. 1215ರಲ್ಲಿ ಸೇರಿದ ಲ್ಯಾಟರನ್ ಧರ್ಮಸಭೆ ಅದನ್ನು ನಾಲ್ಕಕ್ಕೆ ಇಳಿಸಿತು. ಮೆಟ್ಟಿಲು ಎಣಿಸಲು ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಮರದ ಆಕಾರದ ಪಟ್ಟಿಗಳನ್ನು ಬಿಡಿಸಿದರು. ಇಂಗ್ಲಿಷಿನಲ್ಲಿ ವಂಶಾವಳಿಗೆ ಇರುವ ಪೆಡಿಗ್ರೀ ಎಂಬ ಮಾತು ಬಂದದ್ದು ಹಳೆಯ ಫ್ರೆಂಚಿನಲ್ಲಿ ಕೊಕ್ಕರೆಯ ಕಾಲಿಗೆ ಇದ್ದ ಹೆಸರಿನಿಂದ. ಒಂದು ಗೆರೆ ಕೆಳಗಿಳಿದು ಮೂರಾಗಿ ಒಡೆಯುವುದು ಅವರಿಗೆ ಹಕ್ಕಿಯ ಹೆಜ್ಜೆಯಂತೆ ಕಂಡಿತ್ತು.

ಈ ಗೆರೆಗಳನ್ನು ಮೊದಲ ಬಾರಿಗೆ ಭಾಷೆಯ ಮೇಲಿನ ಅನುಮಾನದಿಂದ ಬಳಸಿದವರು ಮಾನವಶಾಸ್ತ್ರಜ್ಞರು. ನ್ಯೂಯಾರ್ಕ್ ರಾಜ್ಯದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಅಲ್ಲಿನ ಇರೊಕ್ವಾ ಜನರು ಚಿಕ್ಕಪ್ಪನನ್ನೂ ತಂದೆ ಎಂದೇ ಕರೆಯುವುದನ್ನು ಕಂಡು ಬೆರಗಾದ. ಜಗತ್ತಿನ ಬೇರೆ ಬೇರೆ ಕಡೆಗೆ ಪ್ರಶ್ನಾವಳಿ ಕಳಿಸಿದ. ದಕ್ಷಿಣ ಭಾರತದಿಂದ ಬಂದ ಉತ್ತರಗಳಲ್ಲೂ ಅದೇ ವ್ಯವಸ್ಥೆ ಕಾಣಿಸಿತು. 1871ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಪ್ರಕಟಿಸಿದ ಅವನ ಬೃಹತ್ ಗ್ರಂಥದಲ್ಲಿ ತಮಿಳು, ತೆಲುಗು, ಕನ್ನಡದ ಸಂಬಂಧಪದಗಳು ಪಟ್ಟಿಯಾಗಿವೆ. ಈ ಹೋಲಿಕೆಯಿಂದ ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರೆಂದು ಮಾರ್ಗನ್ ವಾದಿಸಿದ. ಪದಗಳ ಹೋಲಿಕೆಯಿಂದ ಹಾಗೆ ತೀರ್ಮಾನಿಸುವುದನ್ನು ಮುಂದಿನವರು ಒಪ್ಪಲಿಲ್ಲ. ಆದರೆ ಸಂಬಂಧಪದಗಳು ಒಂದು ವ್ಯವಸ್ಥೆ, ಒಂದೊಂದೇ ಪದವನ್ನು ಕಿತ್ತು ಅನುವಾದಿಸಿದರೆ ಅರ್ಥ ಕೆಡುತ್ತದೆ ಎಂದು ಅವನು ತೋರಿಸಿದ್ದು ಉಳಿಯಿತು.

ವೈದ್ಯನೂ ಮನಃಶಾಸ್ತ್ರಜ್ಞನೂ ಆಗಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್ 1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ನಡುವಿನ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ. ದೃಷ್ಟಿ, ಶ್ರವಣದಂಥ ಶಕ್ತಿಗಳು ಮನೆತನದಲ್ಲಿ ಹರಿದುಬರುತ್ತವೆಯೇ ಎಂದು ತಿಳಿಯಲು ಅವನಿಗೆ ಅಲ್ಲಿನವರ ವಂಶಾವಳಿ ಬೇಕಿತ್ತು. ಅಣ್ಣ ಯಾರು, ಅಂಕಲ್ ಯಾರು ಎಂದು ಕೇಳಿದರೆ ಇಬ್ಬರಿಗೂ ಅರ್ಥವಾಗುತ್ತಿದ್ದದ್ದು ಬೇರೆ ಬೇರೆ. ಅದಕ್ಕೆ ಅವನು ಕಂಡುಕೊಂಡ ಉಪಾಯ ಸರಳ. ಐದೇ ಪದ ಬಳಸುವುದು: ತಂದೆ, ತಾಯಿ, ಮಗು, ಗಂಡ, ಹೆಂಡತಿ. ಹೆತ್ತ ತಾಯಿ ಯಾರು, ಅವಳ ಗಂಡ ಯಾರು, ಅವರ ಮಕ್ಕಳು ಯಾರು ಯಾರು ಎಂದು ಕೇಳುತ್ತ ಹೋಗುವುದು. ಗಂಡಸರ ಹೆಸರು ದೊಡ್ಡ ಅಕ್ಷರದಲ್ಲಿ, ಹೆಂಗಸರದು ಮಾಮೂಲಿ ಅಕ್ಷರದಲ್ಲಿ. ಚಿತ್ರ ಪೂರ್ತಿಯಾದ ಮೇಲೆ, ಈತನನ್ನು ನೀನು ಏನೆಂದು ಕರೆಯುತ್ತೀಯ ಎಂದು ಕೇಳುವುದು. ಮೊದಲು ಗೆರೆ, ಆಮೇಲೆ ಪದ. ಈ ವಿಧಾನದ ಮೊದಲ ಬರಹ 1900ರಲ್ಲಿ ಬಂತು. ಮರುವರ್ಷ ಅವನು ನೀಲಗಿರಿಗೆ ಬಂದು ತೋಡರ ವಂಶಾವಳಿಗಳನ್ನು ಇದೇ ರೀತಿ ಬರೆದುಕೊಂಡ. 1906ರಲ್ಲಿ ಬಂದ 'ದಿ ತೋಡಾಸ್' ಗ್ರಂಥದ ಕೊನೆಯಲ್ಲಿ ಆ ಪಟ್ಟಿಗಳಿವೆ.

ಮಾವ ಎಂಬ ಪದಕ್ಕೆ ಸರಿಯಾದ ವ್ಯಾಖ್ಯಾನ ಬಂದದ್ದು ಇನ್ನೂ ಅರ್ಧ ಶತಮಾನದ ಮೇಲೆ. ತಮಿಳುನಾಡಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಫ್ರೆಂಚ್ ವಿದ್ವಾಂಸ ಲೂಯಿ ದ್ಯೂಮೊಂ 1953ರ ಲೇಖನದಲ್ಲಿ, ದ್ರಾವಿಡ ಭಾಷೆಗಳಲ್ಲಿ ಮಾವ ಎಂದರೆ ಮೊದಲು ತಾಯಿಯ ಒಡಹುಟ್ಟಿದವನಲ್ಲ, ತಂದೆಯ ಭಾವಮೈದ ಎಂದು ವಾದಿಸಿದ. ಅಂದರೆ ಅವನು ರಕ್ತದ ಕಡೆಯವನಲ್ಲ, ಹೆಣ್ಣು ಕೊಡುವ ಕಡೆಯವನು. ಗವರ್ನರನ ಪಟ್ಟಿಯಲ್ಲಿ ಮೊದಲ ಅತಿಥಿಯ ವಿವರಣೆಯೂ ಅದೇ ಆಗಿತ್ತು. ಅದೇ 1953ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಗ್ರಂಥ ಪ್ರಕಟಿಸಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಉತ್ತರದಲ್ಲಿ ಹೆಣ್ಣು ಗೊತ್ತಿಲ್ಲದ ಮನೆಗೆ ಹೋಗುತ್ತಾಳೆ, ದಕ್ಷಿಣದಲ್ಲಿ ಬಹಳ ಸಲ ಗೊತ್ತಿರುವ ಮನೆಗೇ ಹೋಗುತ್ತಾಳೆ ಎಂಬುದು ಅವರು ಗುರುತಿಸಿದ ದೊಡ್ಡ ವ್ಯತ್ಯಾಸ. ಹಿಂದಿಯಲ್ಲಿ ಮಾಮಾ ಬೇರೆ, ಸಸುರ್ ಬೇರೆ. ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪದ.

ಚಿತ್ರ ಪರೀಕ್ಷೆಗೆ ಬಂದದ್ದು

ಸಂಬಂಧದ ಒಗಟು ಬುದ್ಧಿಯ ಅಳತೆಗೋಲಾದದ್ದು 20ನೆಯ ಶತಮಾನದಲ್ಲಿ. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮಕ್ಕಳಿಗಾಗಿ ಮಾಡಿದ ಪರೀಕ್ಷೆಯಲ್ಲಿ, ತನಗೆ ಮೂವರು ಅಣ್ಣತಮ್ಮಂದಿರು ಎಂದು ಹೇಳಿ ಆ ಮೂವರಲ್ಲಿ ತನ್ನನ್ನೂ ಎಣಿಸಿಕೊಳ್ಳುವ ಹುಡುಗನ ಮಾತಿನಲ್ಲಿ ಏನು ತಪ್ಪಿದೆ ಎಂದು ಕೇಳಲಾಗುತ್ತಿತ್ತು. ಜೀನ್ ಪಿಯಾಜೆ 1924ರ ಪುಸ್ತಕದಲ್ಲಿ ಇದನ್ನೇ ಹಿಡಿದು ಬೆಳೆಸಿದ. ಚಿಕ್ಕ ಮಗು ತನಗೆ ಅಣ್ಣನಿದ್ದಾನೆ ಎನ್ನುತ್ತದೆ, ಆದರೆ ಆ ಅಣ್ಣನಿಗೆ ತಾನೂ ಒಡಹುಟ್ಟು ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಸಂಬಂಧವನ್ನು ಎರಡೂ ತುದಿಯಿಂದ ನೋಡಬಲ್ಲವನು ತರ್ಕ ಕಲಿತವನು ಎಂದಾಯಿತು.

ನಮ್ಮಲ್ಲಿ ಬ್ಯಾಂಕು, ರೈಲ್ವೆ, ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಗಳ ರೀಸನಿಂಗ್ ಭಾಗಕ್ಕೆ ಓದುವವರೆಲ್ಲ 'ರಕ್ತಸಂಬಂಧಗಳು' ಎಂಬ ಅಧ್ಯಾಯ ದಾಟಿಯೇ ಬರುತ್ತಾರೆ. ಅತ್ತೆ, ಮಾವ, ಗಂಡ, ಹೆಂಡತಿ ತುಂಬಿರುವ ಅಧ್ಯಾಯಕ್ಕೆ ರಕ್ತದ ಹೆಸರು! ಕೋಚಿಂಗ್ ತರಗತಿಗಳಲ್ಲಿ ಹೇಳಿಕೊಡುವ ಚಿಹ್ನೆಗಳು ಎಲ್ಲರಿಗೂ ಗೊತ್ತು: ಗಂಡಿಗೆ ಕೂಡುವ ಗುರುತು, ಹೆಣ್ಣಿಗೆ ಕಳೆಯುವ ಗುರುತು, ದಂಪತಿಗೆ ಜೋಡಿಗೆರೆ, ಒಡಹುಟ್ಟಿದವರಿಗೆ ಅಡ್ಡಗೆರೆ, ತಂದೆತಾಯಿಯಿಂದ ಮಕ್ಕಳಿಗೆ ಕೆಳಗಿಳಿಯುವ ಗೆರೆ. ಒಂದು ತಲೆಮಾರಿಗೆ ಒಂದು ಸಾಲು. ಇದು ರಿವರ್ಸ್‌ನ ಪಟ್ಟಿಯ ಮೊಮ್ಮಗು ಎನ್ನಬಹುದು. ಅವನು ಪದಗಳಿಂದ ತಪ್ಪಿಸಿಕೊಳ್ಳಲು ಗೆರೆ ಹಿಡಿದ. ಪರೀಕ್ಷೆಯಲ್ಲಿ ಪದದಿಂದ ಗೆರೆಗೆ ಹೋಗಿ, ಕೊನೆಗೆ ಉತ್ತರ ಗುರುತಿಸಲು ಮತ್ತೆ ಪದಕ್ಕೇ ಬರಬೇಕು. ತೊಂದರೆಯಾಗುವುದು ಆ ಎರಡು ದಾಟುಗಳಲ್ಲಿ.

ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತ್ರ ಇದ್ದಾಗ ಇದು ಹೆಚ್ಚು ಕಾಣುತ್ತಿರಲಿಲ್ಲ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವ ಘೋಷಣೆಯಾಯಿತು. 2023ರಲ್ಲಿ ಸಿಬ್ಬಂದಿ ನೇಮಕಾತಿ ಆಯೋಗದ ಕೆಲವು ಪರೀಕ್ಷೆಗಳಿಗೆ ಹಿಂದಿ, ಇಂಗ್ಲಿಷ್ ಜೊತೆ ಕನ್ನಡವೂ ಸೇರಿ 13 ಭಾಷೆಗಳು ಬಂದವು. ಬಹುಕಾಲದ ಬೇಡಿಕೆಯೊಂದು ಈಡೇರಿತು. ಅದರೊಂದಿಗೇ ಅಂಕಲ್, ಕಸಿನ್ ಎಂಬ ಪದಗಳನ್ನು ಕನ್ನಡಕ್ಕೆ ತರುವ ಕೆಲಸವೂ ಬಂತು.

ಅಂಕಲ್ ಎಂಬ ಒಂದು ಪದಕ್ಕೆ ಹಿಂದಿಯಲ್ಲಿ ಐದು ಪದಗಳಿವೆ: ತಾವು, ಚಾಚಾ, ಮಾಮಾ, ಫೂಫಾ, ಮೌಸಾ. ಕನ್ನಡ ಈ ಐವರನ್ನು ಎರಡೇ ಗುಂಪು ಮಾಡುತ್ತದೆ. ತಂದೆಯ ಅಣ್ಣತಮ್ಮಂದಿರೂ ತಾಯಿಯ ಅಕ್ಕತಂಗಿಯರ ಗಂಡಂದಿರೂ ದೊಡ್ಡಪ್ಪ, ಚಿಕ್ಕಪ್ಪ. ಅಂದರೆ ಅಪ್ಪನ ಸಾಲಿನವರು. ತಾಯಿಯ ಅಣ್ಣತಮ್ಮಂದಿರೂ ತಂದೆಯ ಅಕ್ಕತಂಗಿಯರ ಗಂಡಂದಿರೂ ಮಾವಂದಿರು. ಧಾರವಾಡ ಕಡೆಯ ಮನೆಗಳಲ್ಲಿ ಚಿಕ್ಕಪ್ಪ ಕಾಕಾ ಆಗಿರಬಹುದು, ಸೋದರಮಾವ ಮಾಮಾ ಆಗಿರಬಹುದು. ಆದರೂ ಕೊಟ್ಟು ತರುವ ಕಡೆ ಯಾವುದು, ಕೂಡದ ಕಡೆ ಯಾವುದು ಎಂಬ ತಿಳಿವಳಿಕೆ ಬದಲಾಗಿಲ್ಲ. ಹಾಗೆಂದು ಕನ್ನಡವೇ ಎಲ್ಲ ಕಡೆ ಹೆಚ್ಚು ಬಿಡಿಸಿ ಹೇಳುತ್ತದೆ ಎಂದೇನಿಲ್ಲ. ಹಿಂದಿ ತಂದೆಯ ತಂದೆಯನ್ನು ದಾದಾ, ತಾಯಿಯ ತಂದೆಯನ್ನು ನಾನಾ ಎನ್ನುತ್ತದೆ. ಕನ್ನಡದಲ್ಲಿ ಇಬ್ಬರೂ ಅಜ್ಜ, ಇಲ್ಲವೇ ತಾತ. ಪೋತಾ, ನಾತಿ ಎಂಬ ವ್ಯತ್ಯಾಸವೂ ನಮ್ಮ ಮೊಮ್ಮಗನಲ್ಲಿ ಇಲ್ಲ. ಒಂದೊಂದು ಭಾಷೆ ಒಂದೊಂದು ಕಡೆ ಗೆರೆ ಎಳೆದಿದೆ, ಅಷ್ಟೇ.

ಈಗ ಅನುವಾದಕನ ಪಾಡು ನೋಡಿ. ಪ್ರಶ್ನೆಯಲ್ಲಿರುವ ಅಂಕಲ್ ತಾಯಿಯ ಕಡೆಯವನೋ ತಂದೆಯ ಕಡೆಯವನೋ ಎಂದು ಕಂಡುಹಿಡಿಯುವುದೇ ಲೆಕ್ಕವಾಗಿದ್ದರೆ, ಸೋದರಮಾವ ಎಂದು ಬರೆದೊಡನೆ ಉತ್ತರ ಬಯಲಾಗುತ್ತದೆ. ಚಿಕ್ಕಪ್ಪ ಎಂದು ಬರೆದರೆ ಲೆಕ್ಕವೇ ಬದಲಾಗುತ್ತದೆ. ಅಂಕಲ್ ಎಂದೇ ಉಳಿಸಿದರೆ ಹಳ್ಳಿಯ ಅಭ್ಯರ್ಥಿಗೆ ಅದು ಪಕ್ಕದ ಮನೆಯವನನ್ನು ಕರೆಯುವ ಪದ. ಕಸಿನ್ ಇನ್ನೂ ಕಷ್ಟ. ದೊಡ್ಡಪ್ಪನ ಮಗ ನಮಗೆ ಅಣ್ಣನೋ ತಮ್ಮನೋ. ಚಿತ್ರವನ್ನು ಸರಿಯಾಗಿ ಬರೆದ ಹುಡುಗಿ ನಾಲ್ಕು ಆಯ್ಕೆಗಳಲ್ಲಿ 'ಸಹೋದರ' ಕಂಡು ಅದನ್ನೇ ಗುರುತಿಸಿದರೆ ಮನೆಮಾತಿನಲ್ಲಿ ಅವಳು ಸರಿ, ಉತ್ತರಪಟ್ಟಿಯಲ್ಲಿ ತಪ್ಪು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುವ ಪರೀಕ್ಷೆಗಳಲ್ಲಿ ಅವಳಿಗೆ ಎರಡು ಕಡೆಯಿಂದ ನಷ್ಟ.

ಅನುವಾದದ ತಪ್ಪನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. 2024ರ ಆಗಸ್ಟ್‌ನಲ್ಲಿ ನಡೆದ ಕರ್ನಾಟಕದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿದೆಯೆಂದು ದೊಡ್ಡ ವಿರೋಧ ಬಂದು, ಡಿಸೆಂಬರ್‌ನಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕಾಯಿತು. ಅಲ್ಲಿ ಎದ್ದ ಆಕ್ಷೇಪ ತಪ್ಪು ಪದ, ತಪ್ಪು ವಾಕ್ಯಗಳದು. ಸಂಬಂಧದ ಲೆಕ್ಕದಲ್ಲಿ ವಾಕ್ಯ ಶುದ್ಧವಾಗಿದ್ದೂ ಲೆಕ್ಕ ಕೆಡಬಹುದು.

ಓರೆ ಗೆರೆ

ಪದಗಳ ತೊಡಕು ಕಳೆದರೂ ಚಿತ್ರದಲ್ಲೇ ಒಂದು ತೊಡಕು ಉಳಿಯುತ್ತದೆ. ಗಂಡ ಹೆಂಡತಿ ಒಂದೇ ಸಾಲಿನಲ್ಲಿರಬೇಕು, ಮಕ್ಕಳು ಕೆಳಗಿನ ಸಾಲಿನಲ್ಲಿ. ಇದು ಚಿತ್ರದ ನಿಯಮ. ಈಗ ಈ ಲೆಕ್ಕ ನೋಡಿ: ಸುಧಾಳ ಗಂಡನಿಗೂ ಅವಳ ತಾಯಿಯ ತಮ್ಮನಿಗೂ ಏನು ಸಂಬಂಧ? ಪರೀಕ್ಷೆ ಬಯಸುವ ಉತ್ತರ, ಗಂಡನು ಆ ತಮ್ಮನ ಸೊಸೆಯ ಗಂಡ ಎಂದೇನೋ ಇರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆಯಿದ್ದ ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ಉತ್ತರವೂ ಹೊಳೆಯುತ್ತದೆ: ಇಬ್ಬರೂ ಒಬ್ಬನೇ ಇರಬಹುದು. ಆಗ ದಂಪತಿಯ ಗೆರೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓರೆಯಾಗಿ ಇಳಿಯಬೇಕಾಗುತ್ತದೆ. ಕೋಚಿಂಗ್ ಪುಸ್ತಕದ ಚಿಹ್ನೆಗಳಲ್ಲಿ ಅದಕ್ಕೆ ಜಾಗವಿಲ್ಲ. ಭಾಷೆಯಲ್ಲಿ ಜಾಗವಿದೆ. ಗಂಡಸಿಗೆ ಅಕ್ಕನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಅಕ್ಕನ ಮಗ ಅಳಿಯ, ಮಗಳ ಗಂಡನೂ ಅಳಿಯ.

ಇದು ಯಾವುದೋ ಮೂಲೆಯ ವಿಚಿತ್ರವಲ್ಲ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವುದು ದಕ್ಷಿಣದವರ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಮಾವ ಸೊಸೆಯರ ನಡುವೆ, ಅಣ್ಣತಂಗಿಯರ ಮಕ್ಕಳ ನಡುವೆ ಮದುವೆಯನ್ನು ನಿಷೇಧಿಸಿ, ಪಕ್ಷಗಳ ಪದ್ಧತಿ ಒಪ್ಪುವುದಾದರೆ ಆದೀತು ಎಂದು ವಿನಾಯಿತಿಯನ್ನೂ ಕೊಟ್ಟಿತು. ಹತ್ತಿರದ ಸಂಬಂಧದ ಮದುವೆಯಿಂದ ಮಕ್ಕಳಿಗೆ ಆನುವಂಶಿಕ ಕಾಯಿಲೆಯ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಾರೆ. ಅನೇಕ ಮನೆಗಳು ಈ ವಾಡಿಕೆಯನ್ನು ಬಿಟ್ಟಿವೆ, ಅದು ಒಳ್ಳೆಯದೇ. ಆದರೆ ಮದುವೆ ನಿಂತರೂ ಪದ ನಿಲ್ಲುವುದಿಲ್ಲ. ಮಾವನ ಮಗಳನ್ನು ಮದುವೆಯಾಗುವ ಯೋಚನೆಯೇ ಇಲ್ಲದ ಹುಡುಗನೂ ಮುಂದೆ ಹೆಂಡತಿಯ ತಂದೆಯನ್ನು ಮಾವ ಎಂದೇ ಕರೆಯುತ್ತಾನೆ.

ಹೀಗಾಗಿ ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಎರಡು ಲೆಕ್ಕ ಬಿಡಿಸುವ ಕೆಲಸ. ಪ್ರಶ್ನೆಯಲ್ಲಿರುವುದು ಒಂದು, ಪ್ರಶ್ನೆ ಹುಟ್ಟಿದ ಭಾಷೆಯಲ್ಲಿ ಸಂಬಂಧಗಳನ್ನು ಹೇಗೆ ಹಂಚಿಕೊಂಡಿದ್ದಾರೆ ಎಂಬುದು ಇನ್ನೊಂದು. ಮುಂಬೈ, ದೆಹಲಿಯಲ್ಲಿ ಬೆಳೆದು ಮನೆಯಲ್ಲಿ ಮಾತ್ರ ಕನ್ನಡ ಆಡುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ತಮ್ಮನಾದವನು ತರಗತಿಯಲ್ಲಿ ಕಸಿನ್ ಆಗುತ್ತಾನೆಂಬುದನ್ನು ಅವರು ಯಾರೂ ಹೇಳಿಕೊಡದೆ ಕಲಿಯುತ್ತಾರೆ.

ಇದಕ್ಕೆ ಪರಿಹಾರ 125 ವರ್ಷಗಳಿಂದ ಕಣ್ಣ ಮುಂದೆಯೇ ಇದೆ. ಬಿಡಿಸುವವರು ರಿವರ್ಸ್‌ನ ಐದು ಪದಗಳಿಗೆ ಇಳಿಯಬೇಕು. ಅಂಕಲ್ ಎಂದು ಓದಿದ ಕೂಡಲೇ ಮಾವ ಎಂದಾಗಲಿ ಚಿಕ್ಕಪ್ಪ ಎಂದಾಗಲಿ ಅಂದುಕೊಳ್ಳದೆ, ತಂದೆಯ ಅಥವಾ ತಾಯಿಯ ತಂದೆತಾಯಿಗೆ ಮಗ, ಇಲ್ಲವೇ ಅವರ ಮಗಳ ಗಂಡ ಎಂದು ಬಿಡಿಸಿ ಬರೆದುಕೊಳ್ಳಬೇಕು. ಸಹೋದರ ಎಂದರೆ ಅದೇ ತಂದೆತಾಯಿಯ ಮಗ, ಬೇರೆ ಯಾರೂ ಅಲ್ಲ. ಹೆಸರು ನೋಡಿ ಗಂಡೋ ಹೆಣ್ಣೋ ಎಂದು ಊಹಿಸಬಾರದು. ಪ್ರಶ್ನೆ ಹೇಳಿದ್ದರೆ ಮಾತ್ರ ಗುರುತು ಹಾಕಬೇಕು. ಗೆರೆಗಳೆಲ್ಲ ಮುಗಿದ ಮೇಲೆ, ಕೊನೆಯಲ್ಲಿ ಮಾತ್ರ, ಪದಕ್ಕೆ ಬರಬೇಕು.

ಆದರೆ ಎಲ್ಲವನ್ನೂ ಬಿಡಿಸುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಪ್ರಶ್ನೆ ಮಾಡುವವರೂ ಅದೇ ಐದು ಪದಗಳಲ್ಲಿ ಮಾಡಬಹುದು. ತಾಯಿಯ ಸಹೋದರನ ಮಗ ಎಂಬ ಮಾತು 15 ಭಾಷೆಗಳಲ್ಲೂ ಒಬ್ಬನನ್ನೇ ತೋರಿಸುತ್ತದೆ, ಕಸಿನ್ ತೋರಿಸುವುದಿಲ್ಲ. ಆಯ್ಕೆಗಳನ್ನೂ ಹಾಗೆಯೇ ಕೊಡಬಹುದು. ಬೇರೆ ಬೇರೆ ಹೆಸರಿನವರು ಬೇರೆ ಬೇರೆ ವ್ಯಕ್ತಿಗಳು, ಹೇಳದ ಹೊರತು ಸಂಬಂಧದೊಳಗೆ ಮದುವೆಯಿಲ್ಲ ಎಂದು ಪ್ರಶ್ನೆಯ ಮೇಲೆ ಒಂದು ಸಾಲು ಸೇರಿಸಿದರೆ ಸುಧಾಳ ಲೆಕ್ಕವೂ ನೇರವಾಗುತ್ತದೆ. ಆಗ ಅಳೆಯುವುದು ಅಭ್ಯರ್ಥಿಯ ತರ್ಕವನ್ನೇ ಆಗಿರುತ್ತದೆ, ಅವರ ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನಲ್ಲ.